ಮೇಜಿನ ಮೇಲೆ ಕರಗಿದ ಉಪ್ಪು

ಜುಲೈ ಎರಡನೇ ವಾರ. ಶಿರಸಿಯಲ್ಲಿ ನಾಲ್ಕು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಕರೆಂಟು ಬಂದು ಬಂದು ಹೋಗುತ್ತಿತ್ತು. ಅಘನಾಶಿನಿ ಹೊಳೆಯ ಬಗ್ಗೆ ಐದು ವರ್ಷದಿಂದ ಬರೆಯುತ್ತಿದ್ದ ಪುಸ್ತಕದ ಕೊನೆಯ ಅಧ್ಯಾಯವನ್ನು ಹಿಂದಿನ ರಾತ್ರಿಯಷ್ಟೇ ಮುಗಿಸಿದ್ದೆ. ಸೋಮವಾರ ಪ್ರಕಾಶಕರಿಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಬೆಳಿಗ್ಗೆ ಕಷಾಯದ ಲೋಟ ಹಿಡಿದು ಮೇಜಿನ ಹತ್ತಿರ ಬಂದರೆ ಎಡಗಡೆಯ ಚೀಟಿಗಳೆಲ್ಲ ನೀರು ಕುಡಿದು ಒಂದಕ್ಕೊಂದು ಅಂಟಿಕೊಂಡಿದ್ದವು.

ಹಂಚು ಸೋರಿದೆ ಅಂದುಕೊಂಡು ಮೇಲೆ ನೋಡಿದೆ. ಅಲ್ಲಿ ಒಣಗಿಯೇ ಇತ್ತು. ಸೋರಿದ್ದು ಉಪ್ಪು.

ಏಪ್ರಿಲ್‌ನಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋದಾಗ ಉಪ್ಪು ಬೆಳೆಯುವ ಆಗರದಿಂದ ಎರಡು ಹಿಡಿ ಉಪ್ಪು ತಂದಿದ್ದೆ. ಬಟ್ಟೆಯ ಚೀಲದಲ್ಲಿ ಕಟ್ಟಿ, ಕಾಗದ ಹಾರದಿರಲಿ ಅಂತ ಚೀಟಿಗಳ ಮೇಲೆ ಇಟ್ಟಿದ್ದೆ. ಬೇಸಿಗೆಯಲ್ಲಿ ಅದು ಕಲ್ಲಿನ ಹಾಗೆ ಇತ್ತು. ಆದರೆ ಆಗರದ ಉಪ್ಪಿನಲ್ಲಿ ಮೆಗ್ನೀಸಿಯಂ ಅಂಶವೂ ಉಳಿದಿರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ನೀರಾಗುತ್ತದೆ. ನಮ್ಮ ಅಡುಗೆಮನೆಯಲ್ಲಿ ಉಪ್ಪನ್ನು ಮರದ ಮರಿಗೆಯಲ್ಲಿ ಹಾಕಿ ಒಲೆ ಹತ್ತಿರ ಇಡುವುದು ಇದಕ್ಕೇ. ಮದುವೆಯಾಗಿ ಬಂದಾಗಿನಿಂದ ಆ ಮರಿಗೆ ನೋಡುತ್ತಿದ್ದೇನೆ. ಆದರೂ ಮೇಜಿನ ಮೇಲಿದ್ದ ಉಪ್ಪನ್ನು ಉಪ್ಪು ಅಂತ ನಾನು ಯೋಚಿಸಿಯೇ ಇರಲಿಲ್ಲ. ನನಗೆ ಅದು ಸಾಣಿಕಟ್ಟಾ ಆಗಿತ್ತು.

ಈ ಮೇಜಿನ ಬಗ್ಗೆ ಸ್ವಲ್ಪ ಹೇಳಬೇಕು. ಮಾವನವರು ಅಡಿಕೆ ಲೆಕ್ಕ ಬರೆಯುತ್ತಿದ್ದ ಮೇಜು ಇದು. ಈಗ ಅದರ ಹಲಗೆ ಕಾಣುವುದಿಲ್ಲ. 1883ರ ಕೆನರಾ ಗೆಜೆಟಿಯರ್‌ನ ಜೆರಾಕ್ಸ್ ಹಾಳೆಗಳು ಇವೆ, ಮಡಚಿ ಮಡಚಿ ಹರಿದ ನಕ್ಷೆ ಇದೆ. ಉಂಚಳ್ಳಿ ಜಲಪಾತದ ದಾರಿಯಲ್ಲಿ ಹೆಕ್ಕಿದ ಬೀಜಗಳು, ಮಾಣಿಕಟ್ಟಾದ ಗಜನಿ ಎಂಬ ಉಪ್ಪುನೆಲದ ಗದ್ದೆಯಿಂದ ತಂದ ಕಗ್ಗ ಭತ್ತದ ಒಂದು ಹಿಡಿ ತೆನೆ, ಅದರ ಉದ್ದ ಮೀಸೆ ಹಾಗೇ ಇದೆ. ಅಡಿಕೆ ಹಾಳೆಯ ತಟ್ಟೆಯಲ್ಲಿ ಬೆಳಚು ಅನ್ನುವ ಚಿಪ್ಪುಮೀನಿನ ಚಿಪ್ಪು. 2024ರಲ್ಲಿ ಅಘನಾಶಿನಿ ಸಮುದ್ರ ಸೇರುವ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದಾಗ ಕತ್ತರಿಸಿಟ್ಟ ಪತ್ರಿಕೆಯ ತುಂಡುಗಳೂ ಅಲ್ಲೇ ಇವೆ. 4,801 ಹೆಕ್ಟೇರ್ ಅನ್ನುವುದಕ್ಕೆ ಕೆಂಪು ಗೆರೆ ಎಳೆದಿದ್ದೇನೆ.

ಉಳಿದದ್ದೆಲ್ಲ ಚೀಟಿ. ಮದುವೆ ಕರೆಯೋಲೆಯ ಹಿಂಬದಿ, ಔಷಧಿ ಅಂಗಡಿಯ ಬಿಲ್ಲು, ಶಿರಸಿ–ಕುಮಟಾ ಬಸ್ಸಿನ ಟಿಕೆಟ್. ದೇವಿಮನೆ ಘಟ್ಟ ಇಳಿಯುವಾಗ ಬರೆದ ಟಿಕೆಟ್‌ಗಳಲ್ಲಿ ಅಕ್ಷರ ಕುಣಿದಾಡಿವೆ. ಮಿಷನ್ನು ಅಚ್ಚು ಹಾಕಿದ ಊರ ಹೆಸರು, ದರ ಎಲ್ಲ ಮಾಸಿಹೋಗಿದೆ. ನನ್ನ ಪೆನ್ಸಿಲ್ ಉಳಿದಿದೆ.

ನೋಡಿದವರಿಗೆ ರಾಶಿ. ನನಗೆ ಅದು ಹೊಳೆ. ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಯಿಂದ ಶುರುಮಾಡಿ ಕೆಳಗೆ ಕೆಳಗೆ ಹೋದವಳು ನಾನು. ಹಾಗಾಗಿ ಮೂಲದ ಚೀಟಿಗಳು ಅಡಿಯಲ್ಲಿ, ಉಂಚಳ್ಳಿ ನಡುವೆ, ಮಿರ್ಜಾನ, ಮಾಣಿಕಟ್ಟಾ, ತದಡಿ ಮೇಲೆ. ಕಣ್ಣು ಮುಚ್ಚಿ ಕೈ ಹಾಕಿದರೂ ಯಾವ ಊರು ಸಿಗುತ್ತದೆ ಅಂತ ಗೊತ್ತು. ಹೋದ ದೀಪಾವಳಿಗೆ ನೆಂಟರು ಬರುತ್ತಾರೆಂದು ಎಲ್ಲ ಎತ್ತಿ ರಟ್ಟಿನ ಪೆಟ್ಟಿಗೆಗೆ ತುಂಬಿದ್ದೆ. ಆಮೇಲೆ ಒಂದು ತಿಂಗಳು ಒಂದು ಪುಟವೂ ಮುಂದೆ ಹೋಗಲಿಲ್ಲ. ಪೆಟ್ಟಿಗೆ ಬಿಚ್ಚಿ, ಮತ್ತೆ ಮೇಜಿನ ಮೇಲೆ ಸುರುವಿ, ಪದರ ಪದರವಾಗಿ ಹೊಂದಿಸಿಕೊಂಡ ಮೇಲೆಯೇ ಬರವಣಿಗೆ ಹರಿದದ್ದು. ಪುಸ್ತಕ ನಡೆಯುತ್ತಿರುವಾಗ ಮೇಜು ಒಪ್ಪ ಮಾಡಬಾರದು ಅಂತ ಅವತ್ತೇ ನಿರ್ಧಾರ ಮಾಡಿದೆ.

ಅತ್ತೆ ಬಂದು ನೋಡಿದರು. "ಬೂಸ್ಟು ಬರ್ತಾ ಇದ್ದು ತಂಗೀ ಅಂತ ಮೊನ್ನೆನೇ ಹೇಳಿದ್ದಿ" ಅಂದರು. ಬೈಯಲಿಲ್ಲ. ಬಚ್ಚಲೊಲೆಗೆ ಇನ್ನೆರಡು ಕುಂಟೆ ತಳ್ಳಿ, ಒದ್ದೆ ಬಟ್ಟೆಗೆ ಕಟ್ಟಿದ್ದ ಹಗ್ಗದಲ್ಲಿ ಅರ್ಧ ಜಾಗ ಬಿಡಿಸಿಕೊಟ್ಟರು. ನಾನು ಚೀಟಿಗಳನ್ನು ಒಂದೊಂದಾಗಿ ಬಿಡಿಸಿ, ಕ್ಲಿಪ್ ಹಾಕಿ ತೂಗಿಬಿಟ್ಟೆ. ಮೂವತ್ತೇಳು ಚೀಟಿ. ಅವಸರ ಮಾಡಿದರೆ ಹರಿಯುತ್ತಿದ್ದವು. ಹಾಗಾಗಿ ಬಿಡಿಸುತ್ತಾ ಬಿಡಿಸುತ್ತಾ ಓದಲೇಬೇಕಾಯಿತು.

ನನ್ನ ಕೊನೆಯ ಅಧ್ಯಾಯ ಗಜನಿಯದು. ಮಳೆ ನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕಗ್ಗ ಬೆಳೆಯುವುದು, ಕಟ್ಟೆ ಕಟ್ಟಿ ಸಮುದ್ರದ ನೀರು ತಡೆಯುವುದು, ಕೊಯ್ಲು ಮುಗಿದ ಮೇಲೆ ಹಲಗೆಬಾಗಿಲು ತೆಗೆದು ಅದೇ ಗದ್ದೆಗೆ ಉಪ್ಪುನೀರು ಬಿಡುವುದು, ಅದರ ಜೊತೆ ಸಿಗಡಿ ಬರುವುದು. ಇದನ್ನೆಲ್ಲ ಪ್ರೀತಿಯಿಂದ ಬರೆದಿದ್ದೆ. ಭೂಮಿ ಇದ್ದವರು, ಕಟ್ಟೆ ನೋಡಿಕೊಳ್ಳುವವರು ಎಲ್ಲರೂ ಅದರಲ್ಲಿ ಇದ್ದಾರೆ. ಹಗ್ಗದ ಮೇಲೆ ಮಾತ್ರ ಬೇರೆಯವರೂ ಇದ್ದರು. ಬೆಳಚು ಹೆಕ್ಕುವ ಹೆಂಗಸರು. ನಾಲ್ಕು ಚೀಟಿ, ನಾಲ್ಕು ಬೇರೆ ಬೇರೆ ದಿನ, ಒಬ್ಬರೇ ಅಕ್ಕ ಹೇಳಿದ ಮಾತುಗಳು. ಅವುಗಳಲ್ಲಿ ಒಂದೂ ಪುಸ್ತಕಕ್ಕೆ ಸೇರಿರಲಿಲ್ಲ. ಆಮೇಲೆ ಸೇರಿಸುತ್ತೇನೆ ಅಂತ ಎಡಗಡೆ ಇಟ್ಟಿದ್ದೆ. ಆಮೇಲೆ ಅವುಗಳ ಮೇಲೆ ಉಪ್ಪು ಇಟ್ಟಿದ್ದೆ.

ನನಗೆ ನಿಜವಾಗಿ ಸಂಕಟವಾಯಿತು. ಆ ಅಕ್ಕ ಬಿಸಿಲಲ್ಲಿ ಬುಟ್ಟಿ ಕೆಳಗಿಟ್ಟು, ಇಳಿತದ ಹೊತ್ತು ಹೋಗುತ್ತಿದ್ದರೂ ನಿಂತು ಮಾತಾಡಿದ್ದರು. ಅವರಿಗೆ ಇಳಿತವೆಂದರೆ ದಿನದ ಕೂಲಿ. ಅಮಾವಾಸ್ಯೆ ಹುಣ್ಣಿಮೆಗೆ ನೀರು ದೂರ ಇಳಿಯುತ್ತದೆ, ಮರಳದಿಬ್ಬ ಬಯಲಾಗುತ್ತದೆ, ಜಾಸ್ತಿ ಸಿಗುತ್ತದೆ. ಅಷ್ಟಮಿಯ ಸುತ್ತಮುತ್ತ ಅಷ್ಟು ಇಳಿಯುವುದಿಲ್ಲ, ಎದೆಮಟ್ಟ ನೀರಲ್ಲಿ ಕಾಲಲ್ಲೇ ತಡಕಬೇಕು. ಅವರ ಹತ್ತಿರ ಗಡಿಯಾರ ಇಲ್ಲ. ತಿಥಿ ಹೇಳಿದರೆ ಹೊತ್ತು ಹೇಳುತ್ತಾರೆ. "ಇಳಿತ ದಿನಾ ಹಿಂದೆ ಹೋಗ್ತದೆ" ಅಂದದ್ದು ಚೀಟಿಯಲ್ಲಿ ಇದೆ. ಎಷ್ಟು ಗಳಿಗೆ ಅನ್ನುವ ಕಡೆ ಶಾಯಿ ಹರಡಿ ನೀಲಿ ಕಲೆ ಆಗಿದೆ.

ಎರಡು ಗಳಿಗೆ ಇರಬೇಕು ಅಂತ ನನಗೆ ಗೊತ್ತು. ಒಂದು ಗಳಿಗೆ ಅಂದರೆ 24 ನಿಮಿಷ. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಲೆಕ್ಕ ಕೂಡುತ್ತದೆ. ಆದರೆ ನನ್ನ ಲೆಕ್ಕವನ್ನು ಅವರ ಬಾಯಲ್ಲಿ ಹಾಕಿ ಬರೆಯಲು ಮನಸ್ಸು ಒಪ್ಪಲಿಲ್ಲ. ಅವರ ಮಗಳ ನಂಬರಿತ್ತು. ಅವತ್ತು ಇಡೀ ದಿನ ನೆಟ್‌ವರ್ಕ್ ಇಲ್ಲ. ಪ್ರಕಾಶಕರಿಗೂ ಹೇಳಲಾಗಲಿಲ್ಲ. ಮರುದಿನ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಗುಡ್ಡದ ತುದಿಗೆ, ಸಿಗ್ನಲ್ ಸಿಗುವ ಮಾವಿನಮರದ ಹತ್ತಿರ, ಕೊಡೆ ಹಿಡಿದು ನಿಂತು ಫೋನ್ ಮಾಡಿದೆ.

"ಎರಡು ಗಳಿಗೆ ಅಲ್ವಾ ಅಕ್ಕ?" ಅಂದೆ.

"ಎರಡೇ" ಅಂದರು. ಆಮೇಲೆ ತಡೆದು, "ಆದ್ರೆ ಈಗ ಆ ಲೆಕ್ಕ ಬರೂದಿಲ್ಲ ಅಮ್ಮಾ. ಈಗ ಹೊಳೆದೇ ನೀರು. ನಿಮ್ಮ ಕಡೆ ಮಳೆ ಹೊಡೀತಾ ಉಂಟಲ್ಲ, ಅದು ಇಲ್ಲಿಗೆ ಬಂದು ಮುಟ್ಟಿದೆ. ಕೆಂಪು ನೀರು, ಬಾಯಲ್ಲಿ ಹಾಕಿದ್ರೆ ಉಪ್ಪೇ ಇಲ್ಲ" ಅಂದರು.

ನಾನು ನಿಂತ ಗುಡ್ಡದಿಂದ ಕೆಳಗೆ ನಮ್ಮ ತೋಟದ ಹಳ್ಳ ಕಾಣುತ್ತಿತ್ತು. ಅದೂ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಐದು ವರ್ಷ ಹೊಳೆಯ ಜೊತೆ ಘಟ್ಟ ಇಳಿದಿದ್ದೇನೆ. ನಮ್ಮ ಹಳ್ಳದ ನೀರನ್ನು ಅಲ್ಲಿ ನಿಂತು ಒಬ್ಬರು ನಾಲಿಗೆಯಲ್ಲಿ ಗುರುತು ಹಿಡಿಯುತ್ತಾರೆ ಅಂತ ಒಂದು ಸಾಲೂ ಬರೆದಿರಲಿಲ್ಲ.

ಪ್ರಕಾಶಕರಿಗೆ ಹತ್ತು ದಿನ ಬೇಕು ಎಂದು ಅಲ್ಲಿಂದಲೇ ಹೇಳಿದೆ. ಅವರು ಸ್ವಲ್ಪ ಸುಮ್ಮನಿದ್ದು ಆಯಿತು ಅಂದರು.

ಮನೆಗೆ ಬಂದು ಒಣಗಿದ ಚೀಟಿಗಳನ್ನು ಹಗ್ಗದಿಂದ ತೆಗೆದೆ. ಸುಕ್ಕಾಗಿದ್ದವು, ಹೊಗೆ ವಾಸನೆ ಬರುತ್ತಿತ್ತು. ಅಕ್ಕನ ನಾಲ್ಕು ಚೀಟಿ ಮಾತ್ರ ಲ್ಯಾಪ್‌ಟಾಪಿನ ಪಕ್ಕ ಇಟ್ಟುಕೊಂಡು, ಉಳಿದದ್ದನ್ನು ಮೊದಲಿನ ಜಾಗದಲ್ಲೇ, ಮಿರ್ಜಾನದ ಮೇಲೆ ಮಾಣಿಕಟ್ಟಾ, ಅದರ ಮೇಲೆ ತದಡಿ, ಹಾಗೇ ಪೇರಿಸಿದೆ. ಉಪ್ಪಿನ ಚೀಲ ಹುಡುಕಿದರೆ ಇರಲಿಲ್ಲ. ಅತ್ತೆ ಉಳಿದ ಹರಳುಗಳನ್ನು ಮರಿಗೆಗೆ ಸುರಿದಿದ್ದರು. ಚೀಲ ತೊಳೆದು ಹಗ್ಗಕ್ಕೆ ಹಾಕಿದ್ದರು. ಆ ರಾತ್ರಿಯ ಗಂಜಿಗೆ ಸಾಣಿಕಟ್ಟಾದ ಉಪ್ಪು ಹಾಕಿಕೊಂಡು ಉಂಡು, ಲಾಟೀನು ಹಚ್ಚಿ ಮೇಜಿನ ಮುಂದೆ ಕೂತೆ.