ಹೆಲ್ಪರ್ ಹಾಕಿಸಿದರೆ ಎಷ್ಟು ಟನ್ ಜಾಸ್ತಿ ಹಾಕಬಹುದು?

ಶಿರಾ ಹತ್ತಿರ ಹೈವೇ ಪಕ್ಕದಲ್ಲಿ ನನ್ನದು ಬ್ಲೇಡ್ ಕೆಲಸದ ಅಂಗಡಿ. ಬ್ಲೇಡ್ ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಯ ಸ್ಪ್ರಿಂಗ್, ಹೆಲ್ಪರ್ ಅಂದರೆ ಅದರ ಮೇಲೆ ಕೂರಿಸುವ ಇನ್ನೊಂದು ಚಿಕ್ಕ ಬ್ಲೇಡ್ ಸೆಟ್. ಲಾರಿ ನಿಲ್ಲಿಸಿದವರು ಕೆಳಗೆ ಇಳಿಯುವ ಮುಂಚೆಯೇ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಹಿಂದ್ಗಡೆ ಹೆಲ್ಪರ್ ಹಾಕ್ಸಿದ್ರೆ ಇನ್ನೆಷ್ಟು ಟನ್ ತಡೆಯುತ್ತೆ?"

ಒಂದು ಕೆಜಿಯೂ ಇಲ್ಲ.

ಹೀಗೆ ಹೇಳಿದರೆ ಕೆಲವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಅವರಿಗೆ "ಎರಡು ಟನ್ ಆರಾಮಾಗಿ" ಅನ್ನುವ ಉತ್ತರ ಸಿಗುತ್ತದೆ. ನಾನು ಯಾಕೆ ಹಾಗೆ ಹೇಳುವುದಿಲ್ಲ ಅಂದರೆ, ಗಾಡಿ ಎಷ್ಟು ಭಾರ ಹೊರುತ್ತದೆ ಅನ್ನುವುದನ್ನು ಬ್ಲೇಡ್ ಒಂದೇ ತೀರ್ಮಾನ ಮಾಡುವುದಿಲ್ಲ. ಆಕ್ಸಲ್ ಹೌಸಿಂಗ್ (ಹಿಂದಿನ ಆಕ್ಸಲ್‌ನ ಉಕ್ಕಿನ ಹೊರಕವಚ), ಹಬ್ ಬೇರಿಂಗ್, ಟೈರು, ಬ್ರೇಕು, ಚಾಸಿ, ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಬಡವೋ ಅದರ ಶಕ್ತಿಯೇ ಗಾಡಿಯ ಶಕ್ತಿ. ಹೆಲ್ಪರ್ ಹಾಕಿದರೆ ಗಟ್ಟಿಯಾಗುವುದು ಬ್ಲೇಡ್ ಮಾತ್ರ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಹಿಂದಿನ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5ಕ್ಕೆ ಏರಿಸಿತು. ಆರು ಚಕ್ರದ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ ಆಯಿತು. ಆಮೇಲೆ ಹಳೇ ಗಾಡಿಗೆ ಹೆಲ್ಪರ್ ಕೇಳಿಕೊಂಡು ಬಂದವರು ತುಂಬಾ ಜನ. ಪುಸ್ತಕದಲ್ಲಿ ನಂಬರ್ ಬದಲಾಯಿತು ಅಂತ ಹಳೇ ಹೌಸಿಂಗ್ ಗಟ್ಟಿಯಾಗುತ್ತಾ? ನಿಮ್ಮ ಗಾಡಿಗೆ ನಿಮ್ಮ ಆರ್‌ಸಿಯಲ್ಲಿ ಇರುವ ತೂಕವೇ ಲೆಕ್ಕ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಓವರ್‌ಲೋಡ್ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ. ವೇಬ್ರಿಡ್ಜ್ ತೂಕ ನೋಡುತ್ತದೆ, ಗಾಡಿ ಎಷ್ಟು ನೆಟ್ಟಗೆ ನಿಂತಿದೆ ಅಂತ ಅಲ್ಲ.

ಹಾಗಾದರೆ ಹೆಲ್ಪರ್ ಯಾಕೆ ಬೇಕು? ಆರ್‌ಸಿ ತೂಕದ ಒಳಗೇ ಓಡಿಸುವವರಿಗೂ ಅದು ಬೇಕಾಗುತ್ತದೆ. ಮೇನ್ ಸೆಟ್, ಅಂದರೆ ಗಾಡಿಯ ಮೂಲ ಬ್ಲೇಡ್ ಸೆಟ್, ಅದೊಂದನ್ನೇ ಪೂರ್ತಿ ಲೋಡಿಗೆ ಸರಿಯಾಗುವಷ್ಟು ಬಿಗಿ ಮಾಡಿದರೆ, ಖಾಲಿ ಗಾಡಿ ರಸ್ತೆ ಮೇಲೆ ಕುಣಿಯುತ್ತದೆ. ಖಾಲಿಗೆ ಸರಿಯಾಗುವ ಹಾಗೆ ಮೆತ್ತಗೆ ಮಾಡಿದರೆ ಲೋಡ್ ಆದಾಗ ಕೂತುಬಿಡುತ್ತದೆ. ಅದಕ್ಕೇ ಮೇನ್ ಸೆಟ್ ಮೇಲೆ ಇನ್ನೊಂದು ಚಿಕ್ಕ ಸೆಟ್. ಖಾಲಿ ಇದ್ದಾಗ ಅದು ಸುಮ್ನೆ ಇರುತ್ತದೆ, ತುದಿಗಳು ಎಲ್ಲಿಗೂ ತಾಗುವುದಿಲ್ಲ. ಲೋಡಿಗೆ ಚಾಸಿ ಕೆಳಗೆ ಬಂದಾಗ ಚಾಸಿಯ ಬ್ರಾಕೆಟ್ ಅದರ ತುದಿಗೆ ಬಂದು ಕೂರುತ್ತದೆ, ಆಗ ಕೆಲಸ ಶುರು. ಏರಿನಲ್ಲಿ ಮಾತ್ರ ಎತ್ತಿನ ಗಾಡಿಗೆ ಹಿಂದಿನಿಂದ ಹೆಗಲು ಕೊಡುವವನ ಹಾಗೆ.

ಆದ್ದರಿಂದ ಎಷ್ಟು ಬ್ಲೇಡು ಅಂತ ಕೇಳುವ ಮುಂಚೆ ಹೆಲ್ಪರ್ ತುದಿಗೂ ಬ್ರಾಕೆಟ್‌ಗೂ ನಡುವೆ ಎಷ್ಟು ಗ್ಯಾಪು ಅಂತ ಕೇಳಬೇಕು. ಇದು ಯಾರೂ ಕೇಳುವುದಿಲ್ಲ. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಹೌಸಿಂಗ್‌ನಿಂದ ಚಾಸಿಗೆ ಎಷ್ಟು ಅಂತರ ಅಂತ ಎರಡೂ ಕಡೆ ಟೇಪ್ ಹಿಡಿದು ಬರೆದುಕೊಳ್ಳಿ. ನೀವು ಸಾಮಾನ್ಯವಾಗಿ ಹಾಕುವ ಲೋಡ್ ಹಾಕಿ ಮತ್ತೆ ಅಳೆಯಿರಿ. ಚಾಸಿ 4 ಇಂಚು ಇಳಿದಿದೆ ಅಂದುಕೊಳ್ಳಿ. ಹೋಗುವಾಗ ಫುಲ್ ಲೋಡ್, ಬರುವಾಗ ಖಾಲಿ ಇರುವ ಗಾಡಿಗೆ ನಾನು 2 ಇಂಚಿನಿಂದ 2.5 ಇಂಚು ಇಳಿದಮೇಲೆ ಹೆಲ್ಪರ್ ಮುಟ್ಟುವ ಹಾಗೆ ಇಡುತ್ತೇನೆ. ಕ್ರಷರ್‌ನಿಂದ ಸೈಟಿಗೆ ಜಲ್ಲಿ ಹೊಡೆಯುವ ಟಿಪ್ಪರ್‌ಗೆ ಇನ್ನೂ ಸ್ವಲ್ಪ ಬೇಗ ಮುಟ್ಟಿದರೂ ಪರವಾಗಿಲ್ಲ. ಕೋಲಾರದಿಂದ ಟೊಮೆಟೊ ತುಂಬುವ ಗಾಡಿಗೆ ತಡವಾಗಿ ಮುಟ್ಟಿದರೇ ಒಳ್ಳೆಯದು, ಬಿಗಿ ಬ್ಲೇಡ್ ಮೇಲೆ ಕುಲುಕಿದ ಟೊಮೆಟೊ ಮಾರ್ಕೆಟ್‌ನಲ್ಲಿ ಏನಾಗಿ ಇಳಿಯುತ್ತದೆ ಅಂತ ವ್ಯಾಪಾರಿಗಳಿಗೆ ಗೊತ್ತು. ಕಬ್ಬಿನ ಲಾರಿ ಬೇರೆಯೇ ಕಥೆ. ಅಲ್ಲಿ ತೂಕಕ್ಕಿಂತ ಎತ್ತರದ್ದು ತೊಂದರೆ. ಹೆಲ್ಪರ್ ಬೇಗ ಮುಟ್ಟಿದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ.

ಈಗಾಗಲೇ ಹೆಲ್ಪರ್ ಇದ್ದರೆ ಬ್ರಾಕೆಟ್ ಕೆಳಗೆ ಟಾರ್ಚ್ ಹಾಕಿ ನೋಡಿ. ಹೆಲ್ಪರ್ ತಾಗುವ ಜಾಗ ತುಕ್ಕು ಹಿಡಿದಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ, ಎಲ್ಲಾ ಭಾರ ಮೇನ್ ಸೆಟ್ ಮೇಲೆ. ಖಾಲಿ ಗಾಡಿಯಲ್ಲೇ ತಾಗಿಕೊಂಡು ಕೂತಿದ್ದರೆ ಗ್ಯಾಪ್ ತಪ್ಪಾಗಿದೆ, ಅಥವಾ ಮೇನ್ ಸೆಟ್ ಸೋತಿದೆ.

ಸೋತ ಸೆಟ್ ಮೇಲೆ ಹೆಲ್ಪರ್ ಹಾಕಿಸಲೇಬೇಡಿ. ಗಾಡಿ ಒಂದೇ ಕಡೆ ವಾಲುತ್ತಿದ್ದರೆ ಮೊದಲು ಕಟ್ ಆದ ಬ್ಲೇಡ್ ಇದೆಯಾ, ಬ್ಲೇಡ್ ತುದಿಯ ಬುಷ್ ಪಿನ್ ಸವೆದಿದೆಯಾ ನೋಡಬೇಕು. ಎಡಗಡೆ ಬೇಗ ಕೂರುವುದು ಮಾಮೂಲು, ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಅಂಚಿಗೆ ಇಳಿಜಾರಾಗಿರುತ್ತವೆ, ನಾವು ಓಡುವುದೂ ಎಡಗಡೆಯೇ, ಅಲ್ವಾ. ಬ್ಲೇಡ್ ಮಧ್ಯದ ತೂತಿನ ಹತ್ತಿರವೇ ಕಟ್ ಆಗಿದ್ದರೆ ನನಗೆ ಮೊದಲು ಅನುಮಾನ ಬರುವುದು ಬ್ಲೇಡ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲವಾಗಿದೆಯಾ ಅಂತ.

ಇನ್ನು ದಪ್ಪದ ಮಾತು. "10 ಎಂಎಂ ಬೇಡ, 12 ಹಾಕಿ, ಗಟ್ಟಿ ಇರುತ್ತೆ" ಅನ್ನುತ್ತಾರೆ. ಬ್ಲೇಡಿನ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅಗಲ, ಉದ್ದ ಅಷ್ಟೇ ಇದ್ದು 10 ಇದ್ದದ್ದು 12 ಆದರೆ ಬಿಗಿತ 1.7 ಪಟ್ಟು ದಾಟುತ್ತದೆ, 2 ಎಂಎಂ ಅಂತ ಹಗುರಾಗಿ ತಗೊಳ್ಳಬೇಡಿ. ಅಷ್ಟೇ ಬಗ್ಗಿಸಿದರೆ ದಪ್ಪ ಬ್ಲೇಡಿನ ಮೈಮೇಲೆ ಒತ್ತಡವೂ ಜಾಸ್ತಿ. ಆದ್ದರಿಂದ ಒಂದು ದಪ್ಪನೆಯ ಬ್ಲೇಡ್‌ಗಿಂತ ಎರಡು ತೆಳುವಾದವು ಹಾಕುವುದೇ ನನಗೆ ಇಷ್ಟ. ಬೇಕಾದರೆ ಆಮೇಲೆ ಒಂದು ತೆಗೆಯಲೂಬಹುದು. ಗುಜರಿಯಿಂದ ದೊಡ್ಡ ಗಾಡಿಯ ಬ್ಲೇಡ್ ತಂದು ಗ್ಯಾಸ್‌ನಲ್ಲಿ ಕಟ್ ಮಾಡಿ ಹಾಕುವವರಿದ್ದಾರೆ. ಗ್ಯಾಸ್ ಬೆಂಕಿ ತಾಗಿದ ಕಡೆ ಸ್ಪ್ರಿಂಗ್ ಉಕ್ಕಿನ ಹದವೇ ಹೋಗುತ್ತದೆ, ಬಿರುಕು ಅಲ್ಲಿಂದಲೇ ಶುರು. ಹೊಸ ಗಾಡಿಗಳಲ್ಲಿ ಬರುವ ಪ್ಯಾರಾಬಾಲಿಕ್ ಬ್ಲೇಡ್ ಇದ್ದರೆ, ಅಂದರೆ ನಡುವೆ ದಪ್ಪ, ತುದಿಗೆ ತೆಳ್ಳಗೆ, ಒಂದಕ್ಕೊಂದು ತಾಗದ ಎರಡು ಮೂರು ಬ್ಲೇಡ್ ಇದ್ದರೆ, ಅದರ ನಡುವೆ ಹಳೇ ಮಾದರಿಯ ಬ್ಲೇಡ್ ತುರುಕಬಾರದು. ಮೇಲೆ ಬೇರೆಯದೇ ಹೆಲ್ಪರ್ ಕೂರಿಸಬೇಕು, ಅದೂ ಆ ಮಾಡೆಲ್‌ಗೆ ಕಂಪನಿಯೇ ಕೊಡುವುದು ಸಿಕ್ಕರೆ ಮಾತ್ರ. ಪಿಕಪ್‌ಗಳಿಗೆ ರಬ್ಬರ್ ಹೆಲ್ಪರ್, ಏರ್ ಬ್ಯಾಗ್ ಕೂಡ ಸಿಗುತ್ತವೆ. ರಬ್ಬರ್ ಸಸ್ತಾ, ಹಾಕುವುದು ಸುಲಭ, ಅಪರೂಪಕ್ಕೆ ಲೋಡ್ ಹಾಕುವವರಿಗೆ ಸಾಕು. ಏರ್ ಬ್ಯಾಗ್ ಒಳ್ಳೆಯದೇ, ಆದರೆ ಗಾಳಿ ನೋಡುವ ಅಭ್ಯಾಸ ಇಲ್ಲದವರಿಗೆ ಬೇಡ.

ಅಂಗಡಿಯಲ್ಲಿ ಹೆಚ್ಚು ಮರೆತುಹೋಗುವುದು ಬ್ರೇಕ್. ತುಂಬಾ ಲಾರಿ, ಪಿಕಪ್‌ಗಳಲ್ಲಿ ಚಾಸಿಗೂ ಆಕ್ಸಲ್‌ಗೂ ನಡುವೆ ಒಂದು ಸಣ್ಣ ರಾಡ್ ಇರುತ್ತದೆ, ಲೋಡ್ ಸೆನ್ಸಿಂಗ್ ವಾಲ್ವ್‌ದು. ಚಾಸಿ ಕೆಳಗೆ ಬಂದಷ್ಟೂ ಲೋಡ್ ಇದೆ ಅಂತ ತಿಳಿದು ಹಿಂದಿನ ಚಕ್ರಗಳಿಗೆ ಬ್ರೇಕ್ ಜಾಸ್ತಿ ಬಿಡುವುದು ಅದರ ಕೆಲಸ. ಬಿಗಿ ಹೆಲ್ಪರ್ ಹಾಕಿ ಗಾಡಿ ಕೂರದ ಹಾಗೆ ಮಾಡಿದರೆ, ಫುಲ್ ಲೋಡ್ ಇದ್ದರೂ ವಾಲ್ವ್ ಅರೆಖಾಲಿ ಅಂತ ತಿಳಿಯುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಕಡಿಮೆ ಹಿಡಿದರೆ ಹೇಗಿರುತ್ತದೆ ಯೋಚನೆ ಮಾಡಿ. ಹೆಲ್ಪರ್ ಹಾಕಿದ ದಿನವೇ ಆ ರಾಡ್ ಮರುಸೆಟ್ ಮಾಡಿಸಬೇಕು, ಕಂಪನಿ ಹೇಳಿದ ಅಳತೆಗೆ, ಬ್ರೇಕ್ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲಿ. ತಂತಿ ಕಟ್ಟಿ ಮೇಲೆತ್ತುವ ಐಡಿಯಾ ಯಾರಾದರೂ ಕೊಟ್ಟರೆ ಆ ಅಂಗಡಿ ಬಿಟ್ಟು ಬನ್ನಿ.

ಬ್ರಾಕೆಟ್‌ಗೆ ಚಾಸಿಯ ಕೆಳ ಅಂಚಿನಲ್ಲಿ ತೂತು ಹೊಡೆಯಲು, ವೆಲ್ಡಿಂಗ್ ಮಾಡಲು ಬಿಡಬೇಡಿ. ಪಕ್ಕದ ಮೈಯಲ್ಲಿ ಕಂಪನಿ ಬಿಟ್ಟ ತೂತುಗಳಿಗೆ ಬೋಲ್ಟ್ ಹಾಕಿಸಿ. ಯು ಬೋಲ್ಟ್ ಉದ್ದದ್ದು ಬೇಕಾಗುತ್ತದೆ, ಹೊಸದೇ ತಗೊಳ್ಳಿ. ಲೋಡ್ ಹಾಕಿ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದಮೇಲೆ ಮತ್ತೆ ಟೈಟ್ ಮಾಡಿಸಿ, ನನ್ನ ಹತ್ತಿರವೇ ಬರಬೇಕು ಅಂತೇನಿಲ್ಲ.

ಕೆಲವರು ಕೊನೆಗೆ ಇನ್ನೊಂದು ಕೇಳುತ್ತಾರೆ, ಲೋಡ್ ಆದಾಗ ಸ್ಟೇರಿಂಗ್ ಹಗುರ ಆಗುತ್ತೆ, ಅದಕ್ಕೂ ಹೆಲ್ಪರ್ ಸಾಕಾ ಅಂತ. ಸಾಲದು. ಭಾರ ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಬಿದ್ದು ಮುಂದಿನ ಚಕ್ರಗಳನ್ನು ಎತ್ತುತ್ತಿದೆ. ಹೆಲ್ಪರ್ ಹಾಕಿದರೆ ಗಾಡಿ ನೆಟ್ಟಗೆ ಕಾಣುತ್ತದೆ, ಮುಂದಿನ ಚಕ್ರದ ಮೇಲಿನ ತೂಕ ಅಷ್ಟೇ ಇರುತ್ತದೆ. ಮಾಲನ್ನು ಕ್ಯಾಬಿನ್ ಕಡೆ ಸರಿಸಿ ತುಂಬಿಸಿ. ಅದಕ್ಕೆ ನನಗೆ ದುಡ್ಡು ಕೊಡಬೇಕಾಗಿಲ್ಲ.