ಡಬ್ಬಿಯಲ್ಲಿದ್ದ ಕಲ್ಲು, ಕೌಂಟರಿನಲ್ಲಿದ್ದ ರಿಪೋರ್ಟು

ಅಮ್ಮನ ಪಿತ್ತಕೋಶದ ಆಪರೇಷನ್ ಆದ ದಿನ ಕಲ್ಲುಗಳನ್ನು ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೊಟ್ಟಿದ್ದರು. ಒಟ್ಟು 11. ಕಡಲೆಕಾಳಿನಷ್ಟು ದಪ್ಪ. ನೋಡಲು ಬಂದವರಿಗೆಲ್ಲ ಅಮ್ಮ ಡಬ್ಬಿ ಅಲ್ಲಾಡಿಸಿ ತೋರಿಸುತ್ತಿದ್ದಳು. "ಇದನ್ನ ಹೊಟ್ಟೇಲಿಟ್ಕೊಂಡೇ ಹಬ್ಬಕ್ಕೆ ಒಬ್ಬಟ್ಟು ತಟ್ಟಿದೀನಿ" ಅಂತ ಜಂಬ ಬೇರೆ.

ತೆಗೆದ ಪಿತ್ತಕೋಶ ಬಯಾಪ್ಸಿಗೆ ಹೋಗಿದ್ದು ನಮಗೆ ಮರೆತೇ ಹೋಗಿತ್ತು. ಹೊಲಿಗೆ ಬಿಚ್ಚಿಸಲು ಹೋದಾಗ ಆಸ್ಪತ್ರೆಯವರೂ ಅದರ ಮಾತೆತ್ತಲಿಲ್ಲ. 22 ದಿನ ಕಳೆದ ಮೇಲೆ ಇನ್ಶೂರೆನ್ಸಿಗೆ ಆ ಕಾಗದ ಬೇಕು ಅಂದರು. ಕೌಂಟರಿನ ಹುಡುಗ ಕಟ್ಟಿನಿಂದ ಹೆಕ್ಕಿ ಕೊಟ್ಟ. ಮೆಟ್ಟಿಲ ಮೇಲೆ ನಿಂತು ಓದಿದೆ. ಅಡಿನೋಕಾರ್ಸಿನೋಮಾ. ಅಂದರೆ ಕ್ಯಾನ್ಸರ್. ಬಸ್‌ಸ್ಟ್ಯಾಂಡಿನವರೆಗೂ ನಡೆದು ಹೋದ ಮೇಲೆ ನೆನಪಾಯಿತು, ಸ್ಕೂಟರ್ ಆಸ್ಪತ್ರೆ ಮುಂದೆಯೇ ಇದೆ.

ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಚೀಟಿಯ ಹಿಂದೆ ಮೂರು ಗೆರೆ ಎಳೆದರು. ಪಿತ್ತಕೋಶದ ಗೋಡೆ ಅದು. ಮೊದಲ ಪದರದಲ್ಲೇ ನಿಂತಿದ್ದರೆ ಆಗಿದ್ದ ಆಪರೇಷನ್ನೇ ಸಾಕಿತ್ತಂತೆ. ಇದು ಸ್ನಾಯುವಿನ ಪದರ ದಾಟಿತ್ತು. ಹಾಗಾಗಿ ಮತ್ತೆ ಹೊಟ್ಟೆ ಕೊಯ್ದು, ಪಿತ್ತಕೋಶ ಅಂಟಿಕೊಂಡಿದ್ದ ಲಿವರ್‌ನ ಭಾಗವನ್ನೂ ಸುತ್ತಲಿನ ಲಿಂಫ್ ಗ್ರಂಥಿಗಳನ್ನೂ ತೆಗೆಯಬೇಕು.

"ಗಂಗಾನದಿ ಬಯಲಿನ ಕಡೆ ಇದು ಜಾಸ್ತಿ. ನಮ್ಮ ಕಡೆ ಅಪರೂಪ" ಅಂದರು.

"ನಾನು ಕಾಶಿಗೂ ಹೋಗಿಲ್ವಲ್ಲ ಡಾಕ್ಟ್ರೇ" ಅಂದಳು ಅಮ್ಮ.

ಪೆಟ್ ಸ್ಕ್ಯಾನ್, ಎರಡನೇ ಆಪರೇಷನ್ ಎಲ್ಲ ಮುಗಿಯಿತು. ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಆದರೂ ಆರು ತಿಂಗಳು ಕೆಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ. 14 ದಿನ ನುಂಗುವುದು, 7 ದಿನ ಬಿಡುವು, ಹೀಗೆ 8 ಸುತ್ತು. ಕೀಮೋ ಅಂದರೆ ಡ್ರಿಪ್ಪು, ಕೂದಲು ಉದುರೋದು ಅಂದುಕೊಂಡಿದ್ದೆವು. ಕೂದಲಿಗೆ ಅಷ್ಟೇನೂ ಆಗಲಿಲ್ಲ. ಪೆಟ್ಟು ಬಿದ್ದಿದ್ದು ಕೈಗೆ. ಮೂರನೇ ಸುತ್ತಿಗೆ ಅಂಗೈ, ಅಂಗಾಲು ಕೆಂಪಾಗಿ ಚರ್ಮ ಸುಲಿಯತೊಡಗಿತು. ಬಿಸಿ ಅನ್ನ ಕಲಸಲು ಆಗದೆ ಅಮ್ಮ ಚಮಚ ಹಿಡಿದಳು. ಸಾರನ್ನವನ್ನು ಚಮಚದಲ್ಲಿ ತಿನ್ನೋದು ಅವಳಿಗೆ ಎರಡು ಆಪರೇಷನ್‌ಗಿಂತ ದೊಡ್ಡ ಅವಮಾನ! ಡಾಕ್ಟರು ಡೋಸ್ ಇಳಿಸಿದ ಮೇಲೆ ಸ್ವಲ್ಪ ಸುಧಾರಿಸಿತು.

ಕಲ್ಲಿನ ಡಬ್ಬಿಯನ್ನು ಯಾವಾಗ ಎಸೆದಳೋ ಗೊತ್ತಿಲ್ಲ, ನಾನೂ ಕೇಳಿಲ್ಲ. ಈಗ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. "ಮೇಡಂ, ರಿಪೋರ್ಟ್ ಮೊಬೈಲ್‌ಗೇ ಬರುತ್ತೆ, ಹೋಗಿ" ಅಂತಾರೆ. ನಾನು ಸುಮ್ನೆ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕೂತಿರುತ್ತೇನೆ.