ತೋಟದ ಸುದ್ದಿ ಡಾಕ್ಟರಿಗೆ ಯಾಕೆ?

ಚಿಕ್ಕಮ್ಮನನ್ನು ಬದಿಯಡ್ಕದಿಂದ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಿದ್ದೆ, ಹಸಿವು ವಿಚಾರಿಸಿ ಥೈರಾಯ್ಡ್ ಪರೀಕ್ಷೆಗೆ ಬರೆದರು. ಆಮೇಲೆ ಅಡಿಕೆಗೆ ಕೊಳೆರೋಗ ಬಂದಿದೆಯೇ, ಸಾಲವಿದೆಯೇ, ಗಲ್ಫಿನಲ್ಲಿರುವ ಮಗ ಫೋನ್ ಮಾಡುತ್ತಾನೆಯೇ ಎಂದೆಲ್ಲ ಕೇಳಿದರು. “ಇವರಿಗೆ ನಮ್ಮ ತೋಟದ ಸುದ್ದಿ ಯಾಕೆ?” ಚಿಕ್ಕಮ್ಮ ಗೊಣಗಿದರು.

ಬೇಕಾದದ್ದೇ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 1980ರಲ್ಲಿ ಇದನ್ನೆಲ್ಲ ಐದು ಅಕ್ಷಗಳಾಗಿ ವಿಂಗಡಿಸಿತ್ತು: ಮನೋರೋಗ, ವ್ಯಕ್ತಿತ್ವದ ತೊಂದರೆ, ದೇಹದ ಕಾಯಿಲೆ, ಬದುಕಿನ ಒತ್ತಡ, ದಿನನಿತ್ಯದ ನಿಭಾವಣೆ. 2013ರ ಆವೃತ್ತಿ ಈ ಖಾನೆಗಳನ್ನು ಕೈಬಿಟ್ಟಿತು, ಪ್ರಶ್ನೆಗಳನ್ನಲ್ಲ. ಬಿಟ್ಟದ್ದು ಒಳ್ಳೆಯದೇ ಎನ್ನುತ್ತೇನೆ. ಥೈರಾಯ್ಡ್ ಕುಂದಿದರೂ ಮಂಕು ಕವಿಯುತ್ತದೆ, ಫಸಲು ಉದುರಿದರೂ ಕವಿಯುತ್ತದೆ. ಎರಡೂ ಒಟ್ಟಿಗೆ ಬಂದರೆ ಗೆರೆ ಎಳೆಯುವುದೆಲ್ಲಿ?

ರಕ್ತಪರೀಕ್ಷೆಯ ವರದಿ ಸೋಮವಾರ ಸಿಗುತ್ತದೆ. ಮಗನಿಗೆ ಫೋನ್ ಮಾಡಲು ನಾನೇ ಹೇಳಿದ್ದೇನೆ.